ದೆವ್ವದ ತಲೆಗೆ ಕಟ್ಟುವುದನ್ನು ಬಿಡಿ, ಮನೆಯೊಳಗೆ ನೋಡಿ

ಮಳೆ, ಮಂಜು, ಕಾಡು, ಹಳೇ ತೊಟ್ಟಿಮನೆ, ಒಂದು ಹೆಣ್ಣಿನ ಸಾವು. ಇಷ್ಟು ಸಿಕ್ಕರೆ ನಿಗೂಢ ಸೀರಿಯಲ್ ಮಾಡುವವರಿಗೆ ಅರ್ಧ ಕೆಲಸ ಮುಗಿದ ಹಾಗೆ. ಅವರ ಕಣ್ಣು ನಮ್ಮ ಕೊಪ್ಪ, ಶೃಂಗೇರಿ, ಆಗುಂಬೆ ಕಡೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಬರಲಿ, ಶೂಟಿಂಗ್ ಮಾಡಲಿ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಮಾಡಲು ಆಗುಂಬೆಗೆ ಬಂದಿದ್ದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಜನ ನಾವು.

ನನ್ನ ಜಗಳ ಬೇರೆ. ಹೆಣ್ಣು ಸತ್ತಾಗ 'ಯಾರು ಮಾಡಿದ್ದು?' ಎಂದು ಕೇಳಿದರೆ ಕ್ಯಾಮೆರಾ ಕಾಡಿನ ಕಡೆ ತಿರುಗುತ್ತದೆ. ಊರಿನ ಮುಖವೂ ಅತ್ತಲೇ ತಿರುಗುತ್ತದೆ. ಸತ್ತವಳ ಮನೆಯೊಳಗೆ ನೋಡುವವರು ಕಡಿಮೆ.

ಇದನ್ನು ಹೇಳಲು ಅಮೆರಿಕದ ಒಂದು ಹಳೇ ಸೀರಿಯಲ್ಲಿನ ಒಂದು ಎಪಿಸೋಡ್ ಹಿಡಿದುಕೊಂಡಿದ್ದೇನೆ. ಸೀರಿಯಲ್ ಹೆಸರು 'ಟ್ವಿನ್ ಪೀಕ್ಸ್'. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಸೇರಿ ಮಾಡಿದ್ದು. 1990ರ ಏಪ್ರಿಲ್‌ನಲ್ಲಿ ಎಬಿಸಿ ಚಾನೆಲ್‌ನಲ್ಲಿ ಶುರುವಾಯಿತು. ಕೊಲೆಗಾರ ಯಾರು ಎಂದು ಇಲ್ಲೇ ಹೇಳಿಬಿಡುತ್ತೇನೆ. 35 ವರ್ಷ ದಾಟಿದ ಗುಟ್ಟು ಅದು, ಬೇಸರ ಮಾಡಿಕೊಳ್ಳಬೇಡಿ.

ಕಥೆ ನಡೆಯುವುದು ವಾಷಿಂಗ್ಟನ್ ರಾಜ್ಯದ ಒಂದು ಕಲ್ಪಿತ ಸಣ್ಣ ಊರಿನಲ್ಲಿ. ಸುತ್ತ ಬೆಟ್ಟ, ಕಾಡು, ಜಲಪಾತ, ಒಂದು ಮರದ ಮಿಲ್ಲು. ನೋಡುತ್ತಿದ್ದರೆ ನಮ್ಮ ಕಡೆಯ ಊರೇ ಅನ್ನಿಸುತ್ತದೆ. ಒಂದು ಬೆಳಿಗ್ಗೆ ನೀರಿನ ದಡದಲ್ಲಿ ಪ್ಲಾಸ್ಟಿಕ್ ಸುತ್ತಿದ ಹೆಣ ಸಿಗುತ್ತದೆ. ಸತ್ತವಳು ಲಾರಾ ಪಾಮರ್, ಶಾಲೆಗೆ ಹೋಗುವ 17ರ ಹುಡುಗಿ, ಊರಿಗೆಲ್ಲ ಬೇಕಾದವಳು. ತನಿಖೆಗೆ ಬಂದ ಎಫ್‌ಬಿಐ ಅಧಿಕಾರಿ ಕೂಪರ್‌ಗೆ ಕನಸಿನಲ್ಲಿ ಸುಳಿವು ಸಿಗುತ್ತದೆ. ಕೆಂಪು ಪರದೆಯ ಕೋಣೆ, ಉಲ್ಟಾ ಮಾತಾಡುವ ಕುಳ್ಳ, ಮರದ ತುಂಡನ್ನು ಮಗುವಿನಂತೆ ಎತ್ತಿಕೊಂಡು ಓಡಾಡುವ ಹೆಂಗಸು, ಗೂಬೆಗಳು. ಜೊತೆಗೆ ಬಾಬ್ ಎಂಬ ದುಷ್ಟ ಶಕ್ತಿ. ಲಾರಾಳನ್ನು ಕೊಂದವರು ಯಾರು ಎಂದು ಅಮೆರಿಕವೇ ತಲೆ ಕೆಡಿಸಿಕೊಂಡಿತ್ತು.

ಉತ್ತರ ಸಿಕ್ಕಿದ್ದು 1990ರ ನವೆಂಬರ್ 10ರಂದು ಬಂದ ಎಪಿಸೋಡಿನಲ್ಲಿ. ಲಿಂಚ್‌ಗೆ ಉತ್ತರ ಕೊಡುವ ಮನಸ್ಸೇ ಇರಲಿಲ್ಲ, ಚಾನೆಲ್ಲಿನ ಒತ್ತಡಕ್ಕೆ ಕೊಟ್ಟರು. ಆಮೇಲೆ ನೋಡುಗರು ಕಡಿಮೆಯಾಗಿ 1991ರ ಜೂನ್‌ನಲ್ಲಿ ಸೀರಿಯಲ್ ನಿಂತಿತು. ಹಾಗಾಗಿ 'ಆ ಎಪಿಸೋಡೇ ಸೀರಿಯಲ್ ಹಾಳು ಮಾಡಿತು, ಗುಟ್ಟು ಗುಟ್ಟಾಗಿಯೇ ಇರಬೇಕಿತ್ತು' ಎನ್ನುವ ಅಭಿಮಾನಿಗಳು ಇದ್ದಾರೆ. ನಾನು ಒಪ್ಪುವುದಿಲ್ಲ. ಇಡೀ ಸೀರಿಯಲ್ಲಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಎಪಿಸೋಡ್ ಅದೇ.

ಅದರಲ್ಲಿ ಏನಾಗುತ್ತದೆ ನೋಡಿ. ಊರಿನ ಬಾರಿನಲ್ಲಿ ಒಬ್ಬಳು ಹಾಡುತ್ತಿದ್ದಾಳೆ. ಕೂಪರ್, ಊರಿನ ಶೆರಿಫ್, ಲಾರಾಳ ಗೆಳತಿ ಎಲ್ಲರೂ ಅಲ್ಲಿದ್ದಾರೆ. ಕೂಪರ್‌ಗೆ ಮಾತ್ರ ಕಾಣುವ ದೈತ್ಯನೊಬ್ಬ ವೇದಿಕೆ ಮೇಲೆ ಬಂದು, ಅದೇ ಮತ್ತೆ ನಡೆಯುತ್ತಿದೆ ಎಂದು ಎಚ್ಚರಿಸುತ್ತಾನೆ. ಅದೇ ಹೊತ್ತಿಗೆ ಲಾರಾಳ ಮನೆಯಲ್ಲಿ ಅವಳ ಅಪ್ಪ ಲೀಲೆಂಡ್ ಕನ್ನಡಿ ನೋಡಿಕೊಳ್ಳುತ್ತಾನೆ. ಕನ್ನಡಿಯಲ್ಲಿ ಬಾಬ್‌ನ ಮುಖ. ತಾಯಿಗೆ ಏನೋ ಮದ್ದು ಹಾಕಿ ಕೆಡವಿದ್ದಾನೆ. ನೆಂಟರ ಹುಡುಗಿ ಮ್ಯಾಡಿ, ಲಾರಾಳ ಹಾಗೆಯೇ ಇರುವವಳು, ಅವನ ಕೈಯಲ್ಲಿ ಸಾಯುತ್ತಾಳೆ. ಕೊಲೆ ನಡೆಯುವುದು ಕಾಡಿನಲ್ಲಲ್ಲ, ಮನೆಯ ಹಾಲ್‌ನಲ್ಲಿ, ಸೋಫಾ ಪಕ್ಕದಲ್ಲಿ.

ಇತ್ತ ಬಾರಿನಲ್ಲಿದ್ದವರಿಗೆ ಯಾಕೆಂದು ಗೊತ್ತಾಗದ ದುಃಖ. ಗೆಳತಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಒಬ್ಬ ಮುದುಕ ಬಂದು ಕೂಪರ್‌ಗೆ ಸಮಾಧಾನ ಹೇಳುತ್ತಾನೆ. ಅಷ್ಟೇ. ಎಲ್ಲರಿಗೂ ಸಂಕಟವಾಗುತ್ತದೆ, ಯಾರೂ ಎದ್ದು ಆ ಮನೆಗೆ ಹೋಗುವುದಿಲ್ಲ.

ಇದಕ್ಕಿಂತ ಚೆನ್ನಾಗಿ ನಮ್ಮ ಊರುಗಳನ್ನು ತೋರಿಸಲು ಸಾಧ್ಯವೇ ಮಾರಾಯ್ರೆ? ಸಾವಿನ ಮನೆಗೆ ಹೋಗಿ ಅಳಲು ನಮಗೆ ಗೊತ್ತು. ಅದಕ್ಕೂ ಮೊದಲು, ಆ ಹುಡುಗಿ ಬದುಕಿದ್ದಾಗ, ಅವಳು ಯಾಕೆ ಮನೆಗೆ ಹೋಗಲು ಹೆದರುತ್ತಾಳೆ ಎಂದು ಕೇಳಲು ಗೊತ್ತಿಲ್ಲ. ಆ ಸೀರಿಯಲ್ಲಿನಲ್ಲೇ ಲಾರಾಳ ಅಂತ್ಯಸಂಸ್ಕಾರದ ದಿನ ಅವಳ ಗೆಳೆಯ ಎದ್ದು ನಿಂತು ಇದನ್ನೇ ಕೂಗಿ ಹೇಳುತ್ತಾನೆ: ಅವಳು ಕಷ್ಟದಲ್ಲಿದ್ದಾಳೆ ಎಂದು ನಿಮಗೆಲ್ಲ ಗೊತ್ತಿತ್ತು, ಯಾರೂ ಏನೂ ಮಾಡಲಿಲ್ಲ.

ಇಷ್ಟು ಧೈರ್ಯ ತೋರಿಸಿದ ಸೀರಿಯಲ್ ಮೂರು ವಾರದಲ್ಲಿ ಹಿಂದೆ ಸರಿಯಿತು. ಡಿಸೆಂಬರ್ 1ರ ಎಪಿಸೋಡಿನಲ್ಲಿ ಲೀಲೆಂಡ್ ಸಿಕ್ಕಿಬೀಳುತ್ತಾನೆ. ಬಾಬ್ ಅವನ ಮೈಬಿಟ್ಟು ಹೋಗುತ್ತಾನೆ. ಆಮೇಲೆ ಅವನು ಅಳುವ ಬಡಪಾಯಿ ಅಪ್ಪ. ಚಿಕ್ಕವನಿದ್ದಾಗ ಅದು ನನ್ನೊಳಗೆ ಬಂತು, ನನಗೇನೂ ಗೊತ್ತಿರಲಿಲ್ಲ ಎನ್ನುತ್ತಾನೆ. ಕೂಪರ್ ಅವನ ತಲೆಯನ್ನು ತೊಡೆ ಮೇಲಿಟ್ಟುಕೊಂಡು, ಬೆಳಕಿನ ಕಡೆ ಹೋಗು ಎಂದು ಕಳಿಸಿಕೊಡುತ್ತಾನೆ. ಬೆಳಕಿನಲ್ಲಿ ಲಾರಾ ಕಾಣಿಸುತ್ತಾಳಂತೆ. ಹಾಗೆ ಹೇಳುವುದೂ ಅವನೇ. ಲಾರಾಳನ್ನು ಕೇಳಿದವರು ಯಾರು?

ಆಮೇಲೆ ಕಾಡಿನ ದಾರಿಯಲ್ಲಿ ನಿಂತು ಅಧಿಕಾರಿಗಳು ಚರ್ಚೆ ಮಾಡುತ್ತಾರೆ. ದೆವ್ವ ಎಂದು ನಂಬುವುದು ಕಷ್ಟ ಎಂದು ಒಬ್ಬ ಹೇಳಿದರೆ, ಅಪ್ಪನೇ ಮಗಳಿಗೆ ಹೀಗೆ ಮಾಡಿದ ಎಂದು ನಂಬುವುದು ಅದಕ್ಕಿಂತ ಸುಲಭವೇ ಎಂದು ಕೂಪರ್ ಕೇಳುತ್ತಾನೆ. ಅವನ ಪ್ರಶ್ನೆಯಲ್ಲೇ ಎಲ್ಲವೂ ಇದೆ. ದೆವ್ವವನ್ನು ನಾವು ನಂಬುವುದು ಅದು ಇದೆ ಎಂದಲ್ಲ. ಅದು ಇಲ್ಲದಿದ್ದರೆ ನಮ್ಮದೇ ಮನುಷ್ಯನ ಮುಖ ನೋಡಬೇಕಾಗುತ್ತದೆ ಎಂಬ ಭಯಕ್ಕೆ.

ಲಿಂಚ್‌ಗೂ ಇದು ಸಮಾಧಾನ ತಂದಿರಲಿಕ್ಕಿಲ್ಲ. 1992ರಲ್ಲಿ 'ಫೈರ್ ವಾಕ್ ವಿತ್ ಮಿ' ಎಂಬ ಸಿನಿಮಾ ಮಾಡಿ ಲಾರಾಳ ಕೊನೆಯ ದಿನಗಳನ್ನು ಅವಳ ಕಡೆಯಿಂದಲೇ ತೋರಿಸಿದರು. ಊಟದ ಮೇಜಿನ ಮುಂದೆ ಅಪ್ಪ ಅವಳ ಕೈ ಹಿಡಿದು ಉಗುರಿನ ಕೊಳೆ ನೋಡಿ ಹಿಂಸೆ ಕೊಡುವ ದೃಶ್ಯದಲ್ಲಿ ಯಾವ ದೆವ್ವವೂ ಇಲ್ಲ. ಎಲ್ಲಕ್ಕಿಂತ ಹೆದರಿಕೆ ಆಗುವುದು ಅದನ್ನು ನೋಡಿದಾಗಲೇ. ಸಿನಿಮಾ ಅಮೆರಿಕದಲ್ಲಿ ಓಡಲಿಲ್ಲ. ಜನರಿಗೆ ಗೂಬೆ, ಕುಳ್ಳ, ಕೆಂಪು ಪರದೆ ಬೇಕಿತ್ತು.

ಈಗ ನಮ್ಮ ಜಿಲ್ಲೆಗೆ ಬನ್ನಿ. 2025ರ ಏಪ್ರಿಲ್‌ನಲ್ಲಿ ಜೀ5ನಲ್ಲಿ 'ಅಯ್ಯನ ಮನೆ' ಬಂತು, ನಿರ್ದೇಶನ ರಮೇಶ್ ಇಂದಿರಾ ಅವರದ್ದು. ಚಿಕ್ಕಮಗಳೂರು ಕಡೆಯ ಒಂದು ದೊಡ್ಡ ಮನೆ, ಕುಲದೈವ, ಒಬ್ಬರಾದ ಮೇಲೊಬ್ಬರು ಸತ್ತ ಸೊಸೆಯಂದಿರು. ಹೊಸದಾಗಿ ಮದುವೆಯಾಗಿ ಬಂದ ಜಾಜಿಯ ಹೊತ್ತಿಗೇ ಮನೆಯಲ್ಲಿ ಸಾವಾಗುತ್ತದೆ, ಬೆರಳು ಅವಳ ಕಡೆಗೇ ತಿರುಗುತ್ತದೆ. ಕೊನೆ ಹೇಳಿ ನೋಡದವರ ಮಜಾ ಕೆಡಿಸುವುದಿಲ್ಲ. 'ಕಾಲ್ಗುಣ' ಎಂಬ ಮಾತು ಕೇಳದೆ ಬೆಳೆದ ಹೆಣ್ಣುಮಗಳು ಹರಿಹರಪುರದ ಸುತ್ತ ಎಷ್ಟು ಜನ ಇದ್ದಾರೆ, ಎಣಿಸಿ ಹೇಳಿ.

ಹುಡುಗಿ ಇದ್ದಕ್ಕಿದ್ದಂತೆ ಮಂಕಾದರೆ, ಊಟ ಬಿಟ್ಟರೆ, ರಾತ್ರಿ ಬೆಚ್ಚಿ ಎದ್ದರೆ ನಮ್ಮ ಮೊದಲ ಮಾತು 'ಗಾಳಿ ಸೋಕಿದೆ'. ತಾಯತ ಕಟ್ಟಿಸುತ್ತೇವೆ, ನಿಮಿತ್ತ ಕೇಳಿಸುತ್ತೇವೆ. 'ಯಾರಾದರೂ ಏನಾದರೂ ಮಾಡಿದರಾ ಮಗಾ?' ಎಂದು ಒಬ್ಬಳೇ ಇದ್ದಾಗ ಮೆಲ್ಲಗೆ ಕೇಳುವುದು ಎಷ್ಟು ಜನ? ಪೋಕ್ಸೊ ಅಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕಿಂತ ಹೆಚ್ಚರಲ್ಲಿ ಆರೋಪಿ ಗುರುತಿನವನೇ ಎಂದು ಕೇಂದ್ರ ಸರ್ಕಾರದ ಅಪರಾಧ ದಾಖಲೆಗಳೇ ವರ್ಷ ವರ್ಷ ಹೇಳುತ್ತಿವೆ. ಮನೆಯವರು, ನೆಂಟರು, ನೆರೆಯವರು, ಸ್ನೇಹಿತರು. ಬಾಬ್ ಎಂಬ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

'ನಮ್ಮ ನಂಬಿಕೆಗೆ ಕೈ ಹಾಕುತ್ತೀರಾ?' ಎಂದು ಕೆಲವರು ಕೇಳಬಹುದು. ಇಲ್ಲ. ಚೌಡಿಗೆ, ಭೂತಕ್ಕೆ ನಡೆದುಕೊಳ್ಳುವ ಮನೆಗಳಿಂದಲೇ ನಾವೂ ಬಂದವರು. ನಮ್ಮ ಹಿರಿಯರು ದೈವದ ಮುಂದೆ ನಿಂತಿದ್ದು ನ್ಯಾಯ ಕೇಳಲು. ಅನ್ಯಾಯ ಮಾಡಿದವನು ಅದೇ ದೈವದ ಬೆನ್ನ ಹಿಂದೆ ಅಡಗಿಕೊಂಡರೆ ಅವಮಾನ ದೈವಕ್ಕೇ. ದೆವ್ವ ಬಿಡಿಸುತ್ತೇನೆ ಎಂದು ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ ಎಂಬುದೂ ನೆನಪಿರಲಿ.

'ಸೀರಿಯಲ್ ಅಂದ ಮೇಲೆ ಮನರಂಜನೆ, ಅಷ್ಟಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ' ಎನ್ನುವವರಿಗೆ ಒಂದೇ ಮಾತು. ಯಾರ ಮೇಲೆ ಅನುಮಾನ ಪಡಬೇಕು ಎಂಬುದನ್ನು ಕಥೆಗಳು ನಮಗೆ ಕಲಿಸುತ್ತವೆ. ದಿನಾ ರಾತ್ರಿ ಬಾವಿಕಟ್ಟೆಯ ಬಿಳಿ ಸೀರೆಯನ್ನೇ ನೋಡಿದವರಿಗೆ ಪಕ್ಕದ ಕೋಣೆಯ ಬಾಗಿಲು ಕಾಣುವುದಿಲ್ಲ.

ಕೊನೆಗೆ, ಫೋನಿನಲ್ಲಿ ಇದನ್ನು ಓದುತ್ತಿರುವ ನಿಮಗೆ ಕೆಲಸಕ್ಕೆ ಬರುವ ಮಾತುಗಳು. ಮಗುವಿಗೆ ಲೈಂಗಿಕ ಹಿಂಸೆ ಆಗುತ್ತಿದೆ ಎಂಬ ಅನುಮಾನ ಬಂದರೆ ಸಾಕು, ಸಾಕ್ಷಿ ಹುಡುಕುವುದು ನಿಮ್ಮ ಕೆಲಸವಲ್ಲ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಗೊತ್ತಿದ್ದೂ ತಿಳಿಸದಿರುವುದು ಪೋಕ್ಸೊ ಕಾಯ್ದೆಯಲ್ಲಿ ಶಿಕ್ಷೆಯಾಗುವ ತಪ್ಪು. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಮಗುವಿನ ಹೇಳಿಕೆ ಪಡೆಯಲು ಪೊಲೀಸರು ಸಮವಸ್ತ್ರದಲ್ಲಿ ಬರುವಂತಿಲ್ಲ, ಮಗುವಿನ ಹೆಸರು ಹೊರಗೆ ಬಿಡುವಂತಿಲ್ಲ. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನ ಬರುವ ಹಾಗೆ ಸತ್ತರೆ ಮರಣೋತ್ತರ ಪರೀಕ್ಷೆಗೆ ಒತ್ತಾಯಿಸಿ. 'ವಿಧಿ' ಎಂದು ಹೇಳಿ ಬೇಗ ಬೇಗ ಚಿತೆ ಹೊತ್ತಿಸಲು ಬಿಡಬೇಡಿ.

ಸೀರಿಯಲ್ ಬರೆಯುವವರಿಗೂ ಒಂದು ಮಾತು. ಮಂಜು ಬೇಕಾದಷ್ಟು ತೋರಿಸಿ, ಆಗುಂಬೆಯಲ್ಲಿ ಅದಕ್ಕೆ ಬರವಿಲ್ಲ. ಆದರೆ ಕೊಲೆಗಾರನನ್ನು ಆ ಮಂಜಿನಲ್ಲಿ ಕಳೆದುಹೋಗಲು ಬಿಡಬೇಡಿ. ಅವನಿಗೊಂದು ಹೆಸರು, ಒಂದು ಮನೆ, ಒಂದು ರೇಷನ್ ಕಾರ್ಡು ಇರುತ್ತದೆ.