ಅನ್ನವಿಟ್ಟೆವು, ದಾರಿ ತೋರಿದವರಾರು?



ಮತ್ತಿಕೆರೆಯ ಹಳಬರ ಬಾಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್. ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ 1909ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಮತ್ತಿಕೆರೆಯಿಂದ ನಡೆದೇ ಹೋಗಬಹುದು. ಅಲ್ಲಿನ ಗಾರೆ ಕೆಲಸದವರ, ಮನೆಗೆಲಸದವರ ಮಕ್ಕಳಲ್ಲಿ ಎಷ್ಟು ಮಂದಿ ಭೌತಶಾಸ್ತ್ರ ಕಲಿಯಲೆಂದು ಆ ಗೇಟು ದಾಟಿದ್ದಾರೆ? ನೆರೆಹೊರೆಯಲ್ಲಿ ವಿಚಾರಿಸಿ ನೋಡಿ.

ಬುದ್ಧಿಯಿದ್ದವರು ತಾವೇ ಮೇಲೆ ಬರುತ್ತಾರೆ ಎನ್ನುವ ಮಾತಿದೆ. ಶುದ್ಧ ಸುಳ್ಳು. 1933ರಲ್ಲಿ ಕಮಲಾ ಭಾಗವತ್ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಸಿ.ವಿ. ರಾಮನ್ ನಿರಾಕರಿಸಿದರು. ಹಟ ಹಿಡಿದ ಮೇಲೆ ಒಂದು ವರ್ಷದ ಷರತ್ತಿನ ಮೇಲೆ ಒಳಬಿಟ್ಟರು. ಒಳಗೆ ಶ್ರೀನಿವಾಸಯ್ಯನವರಂಥ ಗುರು ಸಿಕ್ಕಿದ್ದು ಆಕೆಯ ಪುಣ್ಯ. ಅನ್ನಾ ಮಣಿ 1940ರಲ್ಲಿ ರಾಮನ್ನರ ಪ್ರಯೋಗಾಲಯ ಸೇರಿದರು. ವಜ್ರ, ಮಾಣಿಕ್ಯಗಳು ಬೆಳಕು ಸೂಸುವ ಬಗೆಯ ಮೇಲೆ ಐದು ಪ್ರಬಂಧ ಬರೆದರು. ಆದರೂ ಎಂ.ಎಸ್‌ಸಿ. ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಒಳಗೆ ಹೋದವರಿಗೇ ಈ ಗತಿಯಾದರೆ ಹೊರಗೆ ನಿಂತವರ ಪಾಡೇನು?

ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 1999ರಲ್ಲಿ ಬಂತು. ಪರೀಕ್ಷೆ ನಡೆಸಿದ್ದು ಇದೇ ಸಂಸ್ಥೆ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ. ಕನ್ನಡದ ನೆಲದಲ್ಲಿ ಕೂತು ಕನ್ನಡದ ಮಗುವಿಗೆ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಲಾಗಲಿಲ್ಲ! 2022ರಲ್ಲಿ ಅದೂ ಇನ್‌ಸ್ಪೈರ್‌ನಲ್ಲಿ ಲೀನವಾಯಿತು. ವಿದ್ಯಾರ್ಥಿವೇತನ ಬೇಕು, ಸರಿ; ಆದರೆ ಗೆದ್ದವರಿಗಷ್ಟೇ ಸಿಗುವ ಹಣ, ಅರ್ಜಿಯನ್ನೇ ಕಾಣದ ಮಗುವನ್ನು ಮುಟ್ಟುವುದು ಹೇಗೆ? ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ ರಸಾಯನಶಾಸ್ತ್ರದಲ್ಲಿ ಮಾಡಿದ್ದನ್ನು ನೋಡಿ: ಬಿ.ಎಸ್‌ಸಿ. ವಿದ್ಯಾರ್ಥಿಗಳನ್ನು ಆರಿಸಿ, ಮೂರು ಬೇಸಿಗೆ ಕರೆಸಿ ಪ್ರಯೋಗಾಲಯದಲ್ಲಿ ಕೆಲಸ ಕಲಿಸುತ್ತಾರೆ. ಆರಿಸುವುದು ಕೆಲವೇ ಮಂದಿಯನ್ನು, ಆದರೆ ಕ್ರಮ ಸರಿಯಾದದ್ದು.

ನಮ್ಮ ಮಠಗಳನ್ನೂ ಬಿಡುವಂತಿಲ್ಲ. ಪ್ರಸಾದ ನಿಲಯಗಳು ಲಕ್ಷಾಂತರ ಮಕ್ಕಳಿಗೆ ಅನ್ನ, ಆಸರೆ ಕೊಟ್ಟವು. ಅದನ್ನು ಅಲ್ಲಗಳೆದವನು ಕೃತಘ್ನ. ಆದರೆ ಐಐಟಿ, ವಿಜ್ಞಾನ ಸಂಸ್ಥೆಗಳ ಬಾಗಿಲು ತೆರೆಯುವ ಜ್ಯಾಮ್ ಎಂಬ ಪರೀಕ್ಷೆಯಿದೆಯೆಂದು ಅಲ್ಲಿನ ಬಿ.ಎಸ್‌ಸಿ. ಹುಡುಗಿಗೆ ಹೇಳುವವರಾರು? ಭೌತಶಾಸ್ತ್ರದ ನಿವೃತ್ತ ಮೇಷ್ಟ್ರುಗಳನ್ನು ನಾವು ಕರೆಯುವುದು ಜಯಂತಿಯ ವೇದಿಕೆಗೆ, ಹಾರ ಹಾಕಲು. ಅವರಿಗೂ ಬೇಸರವಾಗಿರಬೇಕು.

ಈ ಜೂನ್‌ನಿಂದ ಪ್ರತಿ ನಿಲಯಕ್ಕೂ ಅಂಥ ಒಬ್ಬರನ್ನು ನೇಮಿಸಿ. ಭಾನುವಾರ ಎರಡು ಗಂಟೆ, ಜಾತಿ ಕೇಳದೆ, ನಿಲಯದ ಹೊರಗಿನ ಮಕ್ಕಳಿಗೂ. ಹಾಜರಿ ಪುಸ್ತಕದಲ್ಲಿ ಮೇಷ್ಟ್ರೂ ಸಹಿ ಹಾಕಲಿ.