ಮೇಲಿನ ಹಾಳೆಗೆ ಬಿದ್ದ ಬೀಗ

ಲಿನಕ್ಸ್ ಕಲಿಯುವ ವಿದ್ಯಾರ್ಥಿಗಳನ್ನು ಬಹುವಾಗಿ ಕಾಡುವ ಸಂದೇಶವೊಂದಿದೆ: ‘ಪರ್ಮಿಷನ್ ಡಿನೈಡ್’. ಅಂದರೆ ಅನುಮತಿ ಇಲ್ಲ. ಪ್ರಾಜೆಕ್ಟ್ ಒಪ್ಪಿಸುವ ಹಿಂದಿನ ರಾತ್ರಿ ಇದು ಪರದೆಯ ಮೇಲೆ ಮೂಡಿದರೆ, ಕಡತಗಳೆಲ್ಲ ಹಾಳಾದವೆಂದು ಮಕ್ಕಳು ಗಾಬರಿಯಾಗುತ್ತಾರೆ. ಯಂತ್ರವೇ ಕೆಟ್ಟಿತೆಂದು ಪಾಲಕರು ಬಗೆಯುತ್ತಾರೆ. ಸಾಮಾನ್ಯವಾಗಿ ಎರಡೂ ನಿಜವಲ್ಲ. ಪದರ ಪದರವಾಗಿ ಜೋಡಿಸುವ ‘ಓವರ್‌ಲೇ’ ಕಡತ ವ್ಯವಸ್ಥೆಯಲ್ಲಿ ಈ ತೊಂದರೆ ಹೇಗೆ ಬರುತ್ತದೆಂದು ಈ ವಾರ ನೋಡೋಣ.

ಭೂಪಟದ ಮೇಲೆ ಟ್ರೇಸಿಂಗ್ ಹಾಳೆ ಇಟ್ಟು ಗೆರೆ ಎಳೆಯುವುದನ್ನು ನೆನಪಿಸಿಕೊಳ್ಳಿ. ಕೆಳಗಿನ ಭೂಪಟಕ್ಕೆ ಏನೂ ಆಗುವುದಿಲ್ಲ. ಗೆರೆಗಳೆಲ್ಲ ಮೇಲಿನ ಹಾಳೆಯ ಮೇಲೆ. ನೋಡುವವರಿಗೆ ಮಾತ್ರ ಎರಡೂ ಸೇರಿ ಒಂದೇ ಚಿತ್ರ. ಓವರ್‌ಲೇ ಕೂಡ ಹಾಗೆಯೇ. ಕೆಳಪದರ ಬದಲಾಗುವುದಿಲ್ಲ; ಬರೆದದ್ದೆಲ್ಲ ಮೇಲ್ಪದರಕ್ಕೆ ಹೋಗುತ್ತದೆ. 2014ರ ಡಿಸೆಂಬರ್‌ನಲ್ಲಿ ಹೊರಬಂದ 3.18ನೆಯ ಆವೃತ್ತಿಯಿಂದ ಇದು ಲಿನಕ್ಸ್ ಕರ್ನೆಲ್‌ನ ಭಾಗವಾಗಿದೆ. ಡಾಕರ್ ಕೂಡ ಇದನ್ನು ಬಳಸುತ್ತದೆ.

ಇನ್ನು ಅನುಮತಿಯ ಲೆಕ್ಕ. ಡೈರೆಕ್ಟರಿಯಲ್ಲಿರುವ ಹೆಸರುಗಳನ್ನು ಓದಲು 4, ಅಲ್ಲಿ ಕಡತ ಸೇರಿಸಲು, ಅಳಿಸಲು 2, ಒಳಹೋಗಲು 1. 755 ಎಂದರೆ ಒಡೆಯನಿಗೆ ಎಲ್ಲ ಹಕ್ಕು, ಉಳಿದವರಿಗೆ ಓದುವ ಮತ್ತು ಒಳಹೋಗುವ ಹಕ್ಕು. 700 ಎಂದರೆ ಒಡೆಯನ ಹೊರತು ಯಾರಿಗೂ ಪ್ರವೇಶವಿಲ್ಲ.

ಗುಟ್ಟು ಇರುವುದು ಇಲ್ಲಿ. ಎರಡೂ ಪದರಗಳಲ್ಲಿರುವ ಡೈರೆಕ್ಟರಿಯನ್ನು ಕೂಡಿಸಿದಾಗ ಹೆಸರುಗಳಷ್ಟೇ ಬೆರೆಯುತ್ತವೆ. ಒಡೆತನ, ಅನುಮತಿಗಳು ಮೇಲ್ಪದರದವೇ. ‘ಎಂಕೆಟೆಂಪ್’ ಆದೇಶದಿಂದ ಸೃಷ್ಟಿಸಿದ ತಾತ್ಕಾಲಿಕ ಡೈರೆಕ್ಟರಿಗೆ 700 ಅನುಮತಿ ಇರುತ್ತದೆ. ರೂಟ್ ಬಳಕೆದಾರ ಅದನ್ನೇ ಮೇಲ್ಪದರವಾಗಿ ಇಟ್ಟರೆ, ಕೆಳಗೆ 755 ಇದ್ದರೂ ವಿದ್ಯಾರ್ಥಿಗೆ ಬಾಗಿಲು ಮುಚ್ಚಿದಂತೆಯೇ. ಮೌಂಟ್ ಮಾಡುವ ಮೊದಲು ಆ ಜಾಗದ ಡೈರೆಕ್ಟರಿಗೆ ಕೊಟ್ಟಿದ್ದ ಅನುಮತಿಯೂ ಉಪಯೋಗಕ್ಕೆ ಬಾರದು. ಮೌಂಟ್ ಆದೊಡನೆ ಅದು ಮರೆಯಾಗುತ್ತದೆ.

ಪತ್ತೆ ಮಾಡುವುದು ಸುಲಭ. ‘ನೇಮ್’ ಪದಕ್ಕೆ ‘ಐ’ ಅಕ್ಷರ ಸೇರಿಸಿದ ಆದೇಶವೊಂದಿದೆ. ಅದಕ್ಕೆ ‘ಎಲ್’ ಆಯ್ಕೆ ಕೊಟ್ಟು ಪೂರ್ಣ ಪಥ ಬರೆದರೆ, ದಾರಿಯ ಪ್ರತಿ ಮೆಟ್ಟಿಲಿನ ಒಡೆಯ ಮತ್ತು ಅನುಮತಿ ಸಾಲಾಗಿ ಕಾಣುತ್ತವೆ. ಎಲ್ಲಿ ಒಳಹೋಗುವ ಹಕ್ಕಿಲ್ಲವೋ ಅಲ್ಲೇ ಬೀಗ. ಆಗ ರೂಟ್ ಆಗಿ, ಮೌಂಟ್ ಆಗಿರುವ ಜಾಗದಲ್ಲೇ ‘ಸಿಎಚ್‌ಮಾಡ್ 755’ ಕೊಡಿ. ಬದಲಾವಣೆ ತಾನಾಗಿ ಮೇಲ್ಪದರಕ್ಕೆ ತಲುಪುತ್ತದೆ. ಮೌಂಟ್ ಇರುವಾಗ ಮೇಲ್ಪದರವನ್ನು ನೇರವಾಗಿ ಮುಟ್ಟಬೇಡಿ.

ಬಾಗಿಲು ತೆರೆದ ಮೇಲೂ ಕೆಳಪದರದ ಕಡತವೊಂದು ರೂಟ್‌ಗೆ ಸೇರಿದ್ದು, ಅನುಮತಿ 644 ಇದ್ದರೆ ನೀವು ಅದನ್ನು ತಿದ್ದಲಾರಿರಿ. ಪದರಗಳನ್ನು ಜೋಡಿಸುವುದರಿಂದ ಹೊಸ ಹಕ್ಕೇನೂ ಹುಟ್ಟುವುದಿಲ್ಲ.

ಇಂಥ ಹೊತ್ತಿನಲ್ಲಿ ಗೆಳೆಯರು ಹೇಳುವ ಅಡ್ಡದಾರಿ ‘777 ಕೊಟ್ಟುಬಿಡು’ ಎಂಬುದು. ಕಾಲೇಜಿನ ಪ್ರಯೋಗಾಲಯದಲ್ಲಿ ಹಲವರು ಬಳಸುವ ಯಂತ್ರದಲ್ಲಿ ಹೀಗೆ ಮಾಡಿದರೆ, ನಿಮ್ಮ ತಿಂಗಳುಗಳ ಕೆಲಸವನ್ನು ಯಾರು ಬೇಕಾದರೂ ಅಳಿಸಬಹುದು. ಬೀಗದ ಕೈ ಹುಡುಕಲು ಹತ್ತು ನಿಮಿಷ ಹೋದರೂ ಚಿಂತೆಯಿಲ್ಲ, ಬಾಗಿಲನ್ನೇ ಕಿತ್ತುಹಾಕಬೇಡಿ.