ಅವಳನ್ನ ಮನೇಲಿ ಬಿಟ್ಟು ಹೋಗದಕ್ಕೆ ಸೇಫ್ಟಿ ಅಂತ ಹೆಸರಿಡಬೇಡಿ

ಈ ಸೇಫ್ಟಿ ಅನ್ನೋ ಮಾತು ಕೇಳಿ ಕೇಳಿ ನಂಗೆ ಸಾಕಾಗಿ ಹೋಗಿದೆ. ಏಪ್ರಿಲ್ ಬಂತು ಅಂದ್ರೆ ನಮ್ಮ ಜಾವಳಿ ಕಡೆ ಕಾಫಿ ಕೊಯ್ಲು ಮುಗಿದಿರ್ತದೆ, ಹೂ ಮಳೆ ಬಂದು ಹೋಗಿರ್ತದೆ, ಮಕ್ಕಳಿಗೆ ರಜೆ. ಎಲ್ಲಿಗಾದ್ರೂ ಹೋಗದು ಅಂತ ಮಾತು ಶುರು ಆಗದು ಆಗಲೇ. ಹೊರನಾಡು, ಧರ್ಮಸ್ಥಳ ಅಂದ್ರೆ ಈಗಿನ ಮಕ್ಕಳು ಮುಖ ಸಿಂಡರಿಸ್ತವೆ. ಅವಕ್ಕೆ ಬೇಕಾದದ್ದು ವಾಟರ್ ಪಾರ್ಕು. ಸರಿ, ಅಲ್ಲಿಗೇ ಅಂತ ಆಯ್ತು. ದೊಡ್ಡವರು ಚಿಕ್ಕವರು ಸೇರಿ ಹದಿನಾಲ್ಕು ಜನದ ಲೆಕ್ಕ.

ಆ ಹದಿನಾಲ್ಕರಲ್ಲಿ ನಮ್ಮಕ್ಕನ ಮಗಳೂ ಒಬ್ಬಳು. ಹುಟ್ಟಿದಾಗ ಗಂಡು ಅಂತ ತೊಟ್ಟಿಲಿಗೆ ಹಾಕಿದ್ವಿ. ಈಗ ಐದಾರು ವರ್ಷದಿಂದ ಹೆಣ್ಣಾಗಿ ಬದುಕ್ತಾ ಇದ್ದಾಳೆ. ಬೆಂಗಳೂರಲ್ಲಿ ಕೆಲಸ, ಅವಳ ಅನ್ನ ಅವಳೇ ದುಡೀತಾಳೆ, ಹಬ್ಬಕ್ಕೆ ಬಂದ್ರೆ ಕಡುಬಿಗೆ ಅಕ್ಕಿ ತರಿ ಮಾಡದೂ ಅವಳೇ. ಮನೆಯವರ ಗ್ರೂಪಲ್ಲಿ ಪಟ್ಟಿ ಹಾಕಿದ ಮೇಲೆ ಅತ್ತಿಗೆಯೊಬ್ಬರು ಬರೆದ್ರು, ‘ಅವಳು ಬರದು ಬೇಡ ಅಂತಲ್ಲ, ಅವಳ ಸೇಫ್ಟಿಗೇ ಹೇಳದು.’ ಅದರ ಕೆಳಗೆ ಮೂರು ಜನ ಕೈ ಮುಗಿದ ಚಿತ್ರ ಹಾಕಿದ್ರು. ಅಲ್ಲಿಗೆ ಮಾತು ಮುಗೀತು ಅಂತ ಅವರ ಲೆಕ್ಕ.

ನನ್ನ ಲೆಕ್ಕದಲ್ಲಿ ಮುಗಿದಿಲ್ಲ. ಅದ್ಕೇ ಇಷ್ಟುದ್ದ ಬರೀತಾ ಇರದು.

ಮೊದಲಿಗೆ ಒಂದು ಮಾತು. ಅಪಾಯ ಇಲ್ಲ ಅಂತ ನಾನು ಹೇಳ್ತಾ ಇಲ್ಲ. ಉಂಟು, ಬೇಕಾದಷ್ಟು ಉಂಟು. ಗೇಟಲ್ಲೇ ಗಂಡಸರಿಗೊಂದು ಸಾಲು, ಹೆಂಗಸರಿಗೊಂದು ಸಾಲು, ಮೈ ತಡವಿ ನೋಡೋರು ಇಬ್ಬರು. ಅವಳು ಯಾವ ಸಾಲಿಗೆ ನಿಂತ್ರೂ ಹಿಂದಿನವರು ಗುಸುಗುಸು. ಒಳಗೆ ಹೋದ್ರೆ ನೈಲಾನ್ ಬಟ್ಟೆ ಹಾಕಿದ್ರೆ ಮಾತ್ರ ನೀರಿಗೆ ಬಿಡದು, ಅಂದ್ರೆ ಬಟ್ಟೆ ಬದಲಾಯಿಸಲೇಬೇಕು. ಬದಲಾಯಿಸೋ ಕೋಣೆಗೆ ಮತ್ತೆ ಎರಡೇ ಬೋರ್ಡು. ಗಂಡಸರ ಕೋಣೆಗೆ ಹೋದ್ರೆ ಏನಾಗ್ತದೆ ಅಂತ ಹೆಣ್ಣು ಹೆತ್ತವರಿಗೆ ಬಿಡಿಸಿ ಹೇಳಬೇಕಾ? ಹೆಂಗಸರ ಕೋಣೆಗೆ ಹೋದ್ರೆ ಯಾರೋ ಒಬ್ಬಳು ಕಿರುಚ್ತಾಳೆ, ಗಾರ್ಡ್ ಬರ್ತಾನೆ, ಫೋನ್ ಎತ್ತಿ ವಿಡಿಯೋ ಮಾಡೋರು ಸುತ್ತ ನಿಲ್ತಾರೆ. ರಾತ್ರಿ ಲಾಡ್ಜಿಗೆ ಹೋದ್ರೆ ಆಧಾರ್ ಕೇಳ್ತಾರೆ. ಆಧಾರಲ್ಲಿ ಹಳೇ ಹೆಸರು, ಹಳೇ ಫೋಟೋ ಇದ್ದವರಿಗೆ ಕೌಂಟರಲ್ಲಿ ಎಲ್ಲರೆದುರು ವಿಚಾರಣೆ ಶುರು.

ಇಷ್ಟೆಲ್ಲ ನಿಜ. ಆದ್ರೆ ಇದನ್ನ ಇಟ್ಕಂಡು ನೀವು ತೆಗೆದ ತೀರ್ಮಾನ ನೋಡಿ. ಕಿರುಚೋರು ಬರಬಹುದು, ವಿಡಿಯೋ ಮಾಡೋರು ಬರಬಹುದು, ಅವಳು ಮಾತ್ರ ಬರಬಾರದು!

ಅಲೆ ಏಳೋ ಕೊಳ ಅಂತ ಇರ್ತದಲ್ಲ ಆ ಪಾರ್ಕುಗಳಲ್ಲಿ, ಅದಕ್ಕೆ ಇಳಿದ ಹೆಂಗಸರನ್ನ ಯಾರನ್ನಾದ್ರೂ ಕೇಳಿ. ಅಲೆ ಬಂದ ನೆಪದಲ್ಲಿ ಮೈಮೇಲೆ ಬೀಳೋ ಹುಡುಗರ ಗುಂಪು ಒಂದಲ್ಲ ಒಂದು ಇದ್ದೇ ಇರ್ತದೆ. ನಮ್ಮ ಹೆಣ್ಮಕ್ಕಳನ್ನ ಕರ್ಕಂಡು ಹೋದಾಗ ನಾವೆಂತ ಮಾಡ್ತೀವಿ? ಮನೇಲಿ ಬಿಟ್ಟು ಹೋಗ್ತೀವಾ? ಇಲ್ಲ. ಮಧ್ಯದಲ್ಲಿ ನಿಲ್ಲಿಸ್ಕಂಡು ಸುತ್ತ ನಾವು ನಿಲ್ತೀವಿ. ಅತ್ತೆ ಒಂದು ಕಡೆ, ಚಿಕ್ಕಮ್ಮ ಒಂದು ಕಡೆ. ಯಾವನಾದ್ರೂ ಹತ್ತಿರ ಬಂದ್ರೆ ಗದರಿಸಿ ಓಡಿಸ್ತೀವಿ. ಅಕ್ಕನ ಮಗಳಿಗೆ ಬರೋ ಅಪಾಯವೂ ಅದೇ ಹುಡುಗರಿಂದ, ಅದೇ ನೀರಲ್ಲಿ. ಅವಳ ಸುತ್ತ ನಿಲ್ಲಕ್ಕೆ ಮಾತ್ರ ನಮ್ಮಲ್ಲಿ ಯಾರಿಗೂ ಕಾಲು ಬರದಿಲ್ಲ. ಇದಕ್ಕೆ ಸೇಫ್ಟಿ ಅಂತ ಹೆಸರು ಕೊಟ್ರೆ ನಾನು ಒಪ್ಪದಿಲ್ಲ. ನಾಲ್ಕು ಜನದೆದುರು ಅವಳ ಜೊತೆ ನಿಲ್ಲಕ್ಕೆ ನಾಚಿಕೆ ಅಂತ ನೇರ ಹೇಳಿ, ಆಗ ಜಗಳನಾದ್ರೂ ನೇರ ಆಡಬಹುದು.

ಇನ್ನೊಬ್ಬರು ಮಗುವಿನ ಮಾತು ತೆಗೆದ್ರು. ‘ಚಿಕ್ಕ ಮಕ್ಕಳು ಬರ್ತಾವೆ, ಸುಮ್ಮನೆ ಎಂತಕ್ಕೆ.’ ಈ ಮಾತಿಗೆ ನಂಗೆ ನಿಜವಾಗ್ಲೂ ಸಿಟ್ಟು ಬಂತು. ಎಂತಕ್ಕೆ ಅಂದ್ರೆ ಇದು ಅತ್ತಿಗೆಯ ಸ್ವಂತ ಮಾತಲ್ಲ, ಹಳೇ ಸರ್ಕಾರಿ ಮಾತು. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಬುಡಕಟ್ಟು ಕಾಯ್ದೆ ತಂದ್ರಲ್ಲ, ಅದರಲ್ಲಿ ಇಂಥವರದ್ದೂ ಒಂದು ಭಾಗ. ಮಕ್ಕಳನ್ನ ಕದೀತಾರೆ ಅನ್ನೋ ಅನುಮಾನದ ಮೇಲೆ ಹೆಸರು ಪಟ್ಟಿ ಮಾಡಿ ಇಡದು, ಹೆಣ್ಣಿನ ಬಟ್ಟೆಯಲ್ಲಿ ಬೀದಿಗೆ ಬಂದ್ರೆ ಹಿಡಿಯದು. ಬ್ರಿಟಿಷರು ಹೋದ್ರು ಅಂತ ಸುಮ್ಮನಿರೋ ಹಂಗಿಲ್ಲ. 2011ರಲ್ಲಿ ನಮ್ಮ ಕರ್ನಾಟಕದ ಪೊಲೀಸ್ ಕಾಯ್ದೆಗೇ 36ಎ ಅಂತ ಸೇರಿಸಿ, ಅದೇ ಪಟ್ಟಿ ಮಾಡೋ ಅಧಿಕಾರ ಮತ್ತೆ ಕೊಟ್ಟಿದ್ರು. ಆ ಸಮುದಾಯದವರೇ ಹೈಕೋರ್ಟಿಗೆ ಹೋದ ಮೇಲೆ ಅವರನ್ನ ಹೆಸರಿಸಿದ್ದ ಶಬ್ದ ತೆಗೆದದ್ದು.

ಕಾನೂನಿಂದ ತೆಗೆದ್ರೂ ವಾಟ್ಸಾಪಿಂದ ಹೋಗಲಿಲ್ಲ. 2018ರ ಮೇ ತಿಂಗಳಲ್ಲಿ ಹೈದರಾಬಾದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಫಾರ್ವರ್ಡ್ ನಂಬಿಕಂಡ ಜನ ಒಬ್ಬ ಟ್ರಾನ್ಸ್‌ಜೆಂಡರ್ ಹೆಣ್ಣನ್ನ ಬೀದಿಯಲ್ಲಿ ಹೊಡೆದು ಕೊಂದ್ರು. ಯಾವ ಮಗುವೂ ಕಾಣೆಯಾಗಿರಲಿಲ್ಲ, ಜೀವ ಹೋದದ್ದು ಅವಳದ್ದು. ಅದ್ಕೇ ‘ಮಕ್ಕಳು ಬರ್ತಾವೆ’ ಅನ್ನೋ ಸಣ್ಣ ಮಾತು ನಂಗೆ ಸಣ್ಣದು ಅಂತ ಕಾಣದಿಲ್ಲ. ಮತ್ತೆ ನಮ್ಮನೆ ಮಕ್ಕಳು? ಅವಕ್ಕೆ ಈಜು ಕಲಿಸಿದ್ದೇ ಅವಳು.

ಗಂಡಸರು ಸೀರೆ ಉಟ್ಕಂಡು ಹೆಂಗಸರ ಕೋಣೆಗೆ ನುಗ್ಗಿದ್ರೆ ಅಂತ ಕೇಳೋರೂ ಇದ್ದಾರೆ. ಕೇಳಲಿ, ಅದು ಕೇಳೋ ಪ್ರಶ್ನೆಯೇ. ಆದ್ರೆ ಕೆಟ್ಟ ಬುದ್ಧಿಯ ಗಂಡಸಿಗೆ ಸೀರೆ ಉಟ್ಟು, ಬಳೆ ತೊಟ್ಟು, ಟಿಕೆಟ್ ತಗಂಡು ಬರೋ ಕಷ್ಟ ಎಂತಕ್ಕೆ ಬೇಕು? ಒಂದು ಫೋನು ಗೋಡೆ ಮೇಲಿಂದ ಹಿಡಿದ್ರೆ ಅವನ ಕೆಲಸ ಆಯ್ತು. ಅದಕ್ಕೆ ಮದ್ದು ಅಂದ್ರೆ ಮೇಲಿಂದ ಕೆಳಗಿನ ತನಕ ಗೋಡೆ ಇರೋ, ಒಳಗಿಂದ ಚಿಲಕ ಹಾಕೋ ಒಬ್ಬೊಬ್ಬರ ಕೋಣೆ, ಹೊರಗೆ ಕೂತಿರೋ ಒಬ್ಬಳು ಆಯಾ. ಅದು ನಂಗೂ ಬೇಕು. ಐವತ್ತೈದರ ಮೈ ಇಟ್ಕಂಡು ಇಪ್ಪತ್ತು ಹುಡುಗಿಯರ ನಡುವೆ ಒದ್ದೆ ಬಟ್ಟೆ ಬಿಚ್ಚದು ನಂಗೇನು ಹಬ್ಬವಾ? ಬಾಣಂತಿಗೆ ಬೇಕು, ಮುದುಕಿಗೆ ಬೇಕು, ಗಾಲಿ ಕುರ್ಚಿಯಲ್ಲಿ ಬರೋರಿಗೆ ಬೇಕು. ಲಕ್ಷಗಟ್ಟಲೆ ಲೀಟರ್ ನೀರು ತಿರುಗಿಸೋ ಮೋಟರ್ ಕೂರಿಸೋರಿಗೆ ನಾಲ್ಕಡಿ ಅಗಲದ ಆರು ಕೋಣೆ ಕಟ್ಟದು ದೊಡ್ಡ ಖರ್ಚಾ?

ನಾನು ಒಂದು ಪಾರ್ಕಿಗೆ ಫೋನ್ ಮಾಡಿ ಇದನ್ನೇ ಕೇಳಿದೆ. ಹೆಸರು ಇಲ್ಲಿ ಬೇಡ. ಆ ಕಡೆಯ ಹುಡುಗಿ ಪಾಪ ಮರ್ಯಾದೆಯಲ್ಲೇ ಮಾತಾಡಿದ್ಲು. ‘ಮೇಡಂ, ಎಂಟ್ರಿ ಇಲ್ಲ ಅಂತ ರೂಲ್ ಇಲ್ಲ. ಆದ್ರೆ ಬೇರೆ ಗೆಸ್ಟ್‌ಗಳು ಕಂಪ್ಲೇಂಟ್ ಕೊಟ್ರೆ ನಾವು ಹೊರಗೆ ಕಳಿಸಬೇಕಾಗ್ತದೆ.’ ಅಂದ್ರೆ ಹದಿಮೂರು ಜನರ ಟಿಕೆಟ್ ಪಾರ್ಕಿನದ್ದು, ಹದಿನಾಲ್ಕನೆಯದ್ದು ಗುರುತಿಲ್ಲದ ಗಿರಾಕಿಯ ಮೂಡಿಗೆ ಬಿಟ್ಟದ್ದು. ದುಡ್ಡು ಮಾತ್ರ ಮೊದಲೇ ಕಟ್ಟಬೇಕು.

ರೂಲ್ ಇಲ್ಲ ಅಂದ್ಲಲ್ಲ, ಕಾನೂನು ಉಂಟು. 2014ರ ಏಪ್ರಿಲ್ 15ಕ್ಕೆ ಸುಪ್ರೀಂ ಕೋರ್ಟ್ ನಾಲ್ಸಾ ಪ್ರಕರಣದಲ್ಲಿ ತೀರ್ಪು ಕೊಟ್ಟು, ಇವರೂ ಸಂವಿಧಾನದ ಪೂರ್ತಿ ಹಕ್ಕಿನವರು ಅಂತ ಹೇಳಿತು. ಸಾರ್ವಜನಿಕ ಶೌಚಾಲಯದ ಮಾತೂ ಅದರಲ್ಲೇ ಉಂಟು. 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಸಾರ್ವಜನಿಕರಿಗೆ ಅಂತ ತೆರೆದಿಟ್ಟ ಯಾವ ಸೇವೆ, ಸೌಲಭ್ಯ, ತಂಗೋ ಜಾಗವನ್ನೂ ಇವರಿಗೆ ನಿರಾಕರಿಸೋ ಹಂಗಿಲ್ಲ. ಎಲ್ಲರೂ ಹೋಗೋ ಜಾಗಕ್ಕೆ ಹೋಗದಂತೆ ತಡೆದ್ರೆ ಆರು ತಿಂಗಳಿಂದ ಎರಡು ವರ್ಷ ಜೈಲು ಅಂತ 18ನೇ ಸೆಕ್ಷನ್ ಇಟ್ರು. ಕಾಯ್ದೆ ಏನು ಚಿನ್ನದ್ದಲ್ಲ. ಇವರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದವನಿಗೂ ಹೆಚ್ಚಂದ್ರೆ ಅದೇ ಎರಡು ವರ್ಷ ಬರೆದಿಟ್ಟಿದ್ರು, ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕಡಿಮೆ ಅಂದ್ರೆ ಹತ್ತು ವರ್ಷ ಇರೋ ದೇಶದಲ್ಲಿ. ಅವಳ ಮೈಗೆ ಅಷ್ಟೇ ಬೆಲೆ ಅಂತ ಪಾರ್ಲಿಮೆಂಟೇ ಚೀಟಿ ಅಂಟಿಸಿದ ಹಂಗೆ.

ಸರ್ಕಾರ ಒಂದು ಒಳ್ಳೇ ಕೆಲಸ ಮಾಡಿತು, ಅದನ್ನೂ ಹೇಳಬೇಕು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರು ಆದಾಗ ಸರ್ಕಾರಿ ಬಸ್ಸಲ್ಲಿ ಹೆಂಗಸರ ಜೊತೆ ಇವರಿಗೂ ಪುಕ್ಕಟೆ ಮಾಡಿದ್ರು. ಬಸ್ ಹತ್ತಿಸಿದ್ರು, ಸರಿ. ಇಳಿದ ಮೇಲೆ ಎಲ್ಲಿ ಮಲಗದು? 2017ರಲ್ಲಿ ಕೊಚ್ಚಿ ಮೆಟ್ರೋದವರು ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸ್‌ಜೆಂಡರ್ ಜನಕ್ಕೆ ಕೆಲಸ ಕೊಟ್ರು ಅಂತ ದೇಶ ಇಡೀ ಹೊಗಳಿತು. ಕೆಲವೇ ದಿನದಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ರು. ಕೆಲಸ ಕಷ್ಟ ಅಂತಲ್ಲ, ಊರಲ್ಲಿ ಯಾರೂ ರೂಮು ಕೊಡಲಿಲ್ಲ.

ನಮ್ಮ ಭಾವನ ಮಗ, ದುಬೈಯಲ್ಲಿ ಇರವ, ‘ಇಲ್ಲಿ ಎಲ್ಲ ಬಿಟ್ಟು ಅಬುಧಾಬಿಗೆ ಬನ್ನಿ, ಪಾರ್ಕ್ ಅಂದ್ರೆ ಇಲ್ಲಿಯದ್ದು’ ಅಂದ. ಪಾರ್ಕೇನೋ ಹೌದು. ಯಾಸ್ ದ್ವೀಪದಲ್ಲಿ ಫೆರಾರಿ ವರ್ಲ್ಡ್ 2010ರಿಂದ ಉಂಟು, ಡಿಸ್ನಿಯೂ ಅಲ್ಲೇ ಬರ್ತದೆ ಅಂತ 2025ರಲ್ಲಿ ಹೇಳಿದ್ದಾರೆ. ಆದ್ರೆ ಅದೇ ಅಬುಧಾಬಿಯ ಮಾಲ್ ಒಂದರಲ್ಲಿ 2017ರಲ್ಲಿ ಸಿಂಗಾಪುರದ ಇಬ್ಬರನ್ನ, ಅದರಲ್ಲಿ ಒಬ್ಬಳು ಟ್ರಾನ್ಸ್‌ಜೆಂಡರ್ ಹೆಣ್ಣು, ಹೆಣ್ಣಿನ ಹಂಗೆ ಕಾಣ್ತೀರಿ ಅಂತ ಹಿಡಿದು ಒಂದು ವರ್ಷ ಜೈಲು ಅಂತ ತೀರ್ಪು ಕೊಟ್ಟಿದ್ರು. ಮೇಲ್ಮನವಿ ಮಾಡಿದ ಮೇಲೆ ದಂಡ ಹಾಕಿ ಊರಿಗೆ ಕಳಿಸಿದ್ರು. ಅಂಥ ಕಡೆಗೆ ಅವಳನ್ನ ಕರ್ಕಂಡು ಹೋಗಬೇಡಿ ಅಂತ ನಾನೇ ಹೇಳ್ತೀನಿ. ಅಲ್ಲಿ ಕಾನೂನೇ ಅವಳ ಮೇಲೆ ಬೀಳ್ತದೆ. ಅಮೆರಿಕದ ಫ್ಲೋರಿಡಾದಲ್ಲಿ 2023ರಿಂದ ಸರ್ಕಾರಿ ಕಟ್ಟಡದ ಶೌಚಾಲಯಕ್ಕೆ ಹುಟ್ಟಿನ ಲಿಂಗದ ಪ್ರಕಾರವೇ ಹೋಗಬೇಕು ಅಂತ ಕಾನೂನು ಮಾಡಿದ್ದಾರೆ. ಖಾಸಗಿ ಪಾರ್ಕಿಗೆ ಅದು ತಗಲದಿಲ್ಲ. ಹೋಗೋರು ಇಷ್ಟು ತಿಳ್ಕಂಡು ಹೋಗಬೇಕು. ಬಿಡಿ, ಅಷ್ಟು ದೂರದ ದುಡ್ಡು ನಮ್ಮ ಕಾಫಿಯಲ್ಲಿ ಹುಟ್ಟದಿಲ್ಲ. ನಾನು ಹೇಳ್ತಾ ಇರದು ನಮ್ಮದೇ ರಾಜ್ಯದ ಮಾತು. ಇಲ್ಲಿ ಕಾನೂನು ಅವಳ ಕಡೆ ಇದ್ದೂ ಮನೆಯವರು ಇಲ್ಲ.

ನಮ್ಮ ಜನ ಕಂಡೇ ಇಲ್ಲ ಅಂದ್ರೆ ಬೇರೆ ಮಾತು. ಮೇಳ ಬಂದ್ರೆ ಬೆಳಗಿನ ತನಕ ಕಂಬಳಿ ಹೊದ್ಕಂಡು ಕೂತು ಸ್ತ್ರೀವೇಷದವರ ಲಾಲಿತ್ಯ ನೋಡಿ ಆಹಾ ಅಂತೀವಿ. ವೇಷ ಬೇರೆ ಬದುಕು ಬೇರೆ, ಗೊತ್ತುಂಟು ನಂಗೆ. ಆದ್ರೆ ಮಂಜಮ್ಮ ಜೋಗತಿಯವರದ್ದು ಬದುಕೇ ಅಲ್ವಾ? 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷೆ ಆದ್ರು. 2021ರಲ್ಲಿ ಪದ್ಮಶ್ರೀ ತಗಳಕ್ಕೆ ಹೋದವರು ರಾಷ್ಟ್ರಪತಿಗಳಿಗೇ ಸೆರಗಿಂದ ದೃಷ್ಟಿ ತೆಗೆದ್ರು. ಆ ವಿಡಿಯೋ ನಮ್ಮ ಗ್ರೂಪಿಗೆ ಹಾಕಿ ‘ಮಂಗಳಮುಖಿಯರು ಹರಸಿದ್ರೆ ಒಳ್ಳೇದು’ ಅಂತ ಬರೆದದ್ದು ಯಾರು? ಇದೇ ಅತ್ತಿಗೆ. ಟೀವಿಯಲ್ಲಿ ಇದ್ರೆ ಮಂಗಳ, ಟೆಂಪೋ ಟ್ರಾವೆಲರಲ್ಲಿ ಪಕ್ಕದ ಸೀಟಲ್ಲಿ ಕೂತ್ರೆ ಸೇಫ್ಟಿ ನೆನಪಾಗ್ತದೆ.

ಹೋಗೋ ಮನಸ್ಸು ಇದ್ದವರಿಗೆ ದಾರಿ ಉಂಟು. ಶನಿವಾರ ಭಾನುವಾರ ಬಿಟ್ಟು ವಾರದ ನಡುವೆ ಹೋಗದು, ನೂಕುನುಗ್ಗಲು ಕಡಿಮೆ ಇರ್ತದೆ. ಬಟ್ಟೆ ಬದಲಾಯಿಸೋ ಕೋಣೆಗೆ, ಶೌಚಾಲಯಕ್ಕೆ ಅವಳೊಬ್ಬಳನ್ನೇ ಕಳಿಸದು ಬೇಡ, ಮನೆಯ ಇಬ್ಬರು ಹೆಂಗಸರು ಜೊತೆಗೆ ಹೋಗದು. ಮೊದಲೇ ಮೇಲ್ ಬರೆದು ಉತ್ತರ ಬರಹದಲ್ಲೇ ತರಿಸ್ಕಳದು, ಬಾಯಿ ಮಾತು ಗೇಟಲ್ಲಿ ನಡೆಯದಿಲ್ಲ. ಜಿಲ್ಲಾಧಿಕಾರಿ ಕೊಡೋ ಗುರುತಿನ ಚೀಟಿ ಇದ್ರೆ ಅದರ ಒಂದು ಪ್ರತಿ ಅವಳ ಹತ್ರ, ಒಂದು ನಮ್ಮ ಚೀಲದಲ್ಲಿ. ರೂಮು ನಮ್ಮ ಹೆಸರಲ್ಲೇ ಮಾಡಿ, ಬರೋರ ಹೆಸರು ಎಲ್ಲ ಮೊದಲೇ ಹೇಳಿಡದು. ಏನಾದ್ರೂ ಆದ್ರೆ 112. ಮತ್ತೆ ಅವಳನ್ನೇ ಕೇಳದು, ಯಾವುದಕ್ಕೆ ಇಳೀತೀಯ, ಯಾವುದು ಬೇಡ ಅಂತ. ಗ್ರೂಪಲ್ಲಿ ಅಷ್ಟು ಮಾತಾಯ್ತಲ್ಲ, ಒಬ್ಬರೂ ಅವಳನ್ನ ಕೇಳಿರಲಿಲ್ಲ.

ಕಡೆಗೆ ನಮ್ಮೂರ ಮಾತು, ಇದು ಬೆಂಗಳೂರಿನ ಪಾರ್ಕಿಗಿಂತ ಹತ್ತಿರದ್ದು. ಮೂಡಿಗೆರೆಯಿಂದ ಕಳಸದ ತನಕ ಎಲ್ಲಿ ನೋಡಿದ್ರೂ ಹೋಂಸ್ಟೇ ಬೋರ್ಡು. ಕಾಫಿ ರೇಟು ಬಿದ್ದ ವರ್ಷ ಎಷ್ಟೋ ಮನೆಯ ಒಲೆ ಉರಿಸಿದ್ದು ಅದೇ. ಅದರಲ್ಲಿ ಎಷ್ಟು ಜನ ‘ಫ್ಯಾಮಿಲಿಗೆ ಮಾತ್ರ’ ಅಂತ ಬರೆದು, ಫೋನಲ್ಲಿ ಗಂಡಿನ ಧ್ವನಿಗೆ ಹೆಣ್ಣಿನ ಹೆಸರು ಕೇಳಿದ ಕೂಡ್ಲೇ ‘ರೂಮ್ ಫುಲ್’ ಅಂತ ಇಟ್ಟುಬಿಡ್ತಾರೆ? ನಂಗೆ ಗೊತ್ತಿರೋ ಮನೆಗಳಲ್ಲೇ ಉಂಟು ಇದು. ಹೇಮಾವತಿ ಹುಟ್ಟೋ ಜಾಗ ನೋಡಕ್ಕೆ ಅಂತ ಬಂದವರು ಮಳೆಯಲ್ಲಿ ಕತ್ತಲಾದ ಮೇಲೆ ಕಾರಲ್ಲೇ ರಾತ್ರಿ ಕಳೀಬೇಕಾ? ಈ ಬರಹ ಓದ್ತಾ ಇರೋ ಹೋಂಸ್ಟೇಯವರು ಒಂದಷ್ಟು ಜನ ಇದ್ದೀರಿ ಅಂತ ನಂಗೆ ಗೊತ್ತು. ನಿಮ್ಮಲ್ಲಿ ಇವರಿಗೆ ರೂಮು ಕೊಡ್ತೀರೋ ಇಲ್ವೋ? ಕೊಡದಾದ್ರೆ ನಂಗೆ ಒಂದು ಮೆಸೇಜ್ ಹಾಕಿ. ಅಕ್ಕನ ಮಗಳ ಗೆಳತಿಯರು ನಾಲ್ಕು ಜನ ಮಳೆಗಾಲ ಮುಗಿದ ಮೇಲೆ ಈ ಕಡೆ ಬರಬೇಕು ಅಂತಿದ್ದಾರೆ. ಅಕ್ಕಿ ರೊಟ್ಟಿ, ಕಳಲೆ ಪಲ್ಯ ನಾನು ಮಾಡಿ ಕಳಿಸ್ತೀನಿ. ನಮ್ಮನೇಲಿ ಇರೋದು ಎರಡೇ ಕೋಣೆ, ಅದ್ಕೇ ಕೇಳ್ತಾ ಇರದು.